ಹದಿನೇಳು ಜನಕ್ಕೆ ಎರಡು ಮಾಡು

ಸಣ್ಣಹಿತ್ಲಿನಲ್ಲಿ ರಾಜಕೀಯ ಪಕ್ಷಗಳನ್ನು ಯಾರೂ ಅವುಗಳ ಹೆಸರಿನಿಂದ ಕರೆಯುವುದಿಲ್ಲ. ಒಂದು ಕಾಂಕ್ರೀಟ್ ಪಕ್ಷ, ಇನ್ನೊಂದು ಖಾತೆ ಪಕ್ಷ. ಉಪ್ಪುಂದದಿಂದ ಕಡಲ ಕಡೆಗೆ ಇಳಿದರೆ ಸಿಗುವ ಈ ಪುಟ್ಟ ಊರಿನ ಮೀನು ಮಾರುವ ಹೆಂಗಸರು ಇಟ್ಟ ಹೆಸರುಗಳು ಇವು. ಪ್ರಣಾಳಿಕೆ ಬರೆಯುವವರು ನೂರು ಪುಟದಲ್ಲಿ ಹೇಳುವುದನ್ನು ಇವರು ಒಂದೊಂದು ಶಬ್ದದಲ್ಲಿ ಮುಗಿಸಿಬಿಟ್ಟಿದ್ದರು. ಮೊದಲನೆಯವರು ಬಂದರೆ ರಸ್ತೆ, ಸೇತುವೆ, ತಡೆಗೋಡೆ, ದೇವಸ್ಥಾನದ ಎದುರಿಗೆ ಇಂಟರ್‌ಲಾಕ್. ಎಲ್ಲಿ ಕಂಡರಲ್ಲಿ ಜಲ್ಲಿ, ಸಿಮೆಂಟು, ಮಿಕ್ಸರಿನ ಗಡಗಡ. ಎರಡನೆಯವರು ಬಂದರೆ ಮಿಕ್ಸರು ಸುಮ್ಮನಾಗುತ್ತದೆ, ಹೆಂಗಸರ ಮೊಬೈಲು ಟಿಣ್ ಎನ್ನುತ್ತದೆ, ಖಾತೆಗೆ ದುಡ್ಡು ಬಿತ್ತು ಅಂತ ಅರ್ಥ. ಸರ್ಕಾರ ಬದಲಾದದ್ದನ್ನು ತಿಳಿಯಲು ಇಲ್ಲಿ ಟೀವಿ ಹಾಕಬೇಕಾಗಿಲ್ಲ, ಕಿವಿ ಎರಡು ನೆಟ್ಟಗಿದ್ದರೆ ಸಾಕು.

ಹರಿಣಾಕ್ಷಿಗೆ ಎರಡೂ ಪಕ್ಷದ ಮೇಲೆ ಸಿಟ್ಟಿರಲಿಲ್ಲ, ಮೋಹವೂ ಇರಲಿಲ್ಲ. ಕಾಂಕ್ರೀಟಿನವರು ಹಾಕಿದ ರಸ್ತೆಯಲ್ಲಿ ನಡೆದು ಹೋಗಿ, ಖಾತೆಯವರು ಹಾಕಿದ ದುಡ್ಡನ್ನು ಬ್ಯಾಂಕಿನಿಂದ ತೆಗೆದುಕೊಂಡು ಬರುವುದರಲ್ಲಿ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ. ಐವತ್ತೆಂಟು ವರ್ಷದ ಹೆಂಗಸು. ಮೂವತ್ತೊಂದು ವರ್ಷದಿಂದ ಸಣ್ಣಹಿತ್ಲಿನ ಮೀನು ಮಾರ್ಕೆಟ್ಟಿನಲ್ಲಿ ಕೂತು ಬಂಗುಡೆ, ಬೈಗೆ, ಚಟ್ಲಿ ಮಾರುತ್ತಿದ್ದಾಳೆ. ಮಾರ್ಕೆಟ್ಟು ಎಂದರೆ ಏನೋ ಎಂದುಕೊಳ್ಳಬೇಡಿ, ಹದಿನೇಳು ಹೆಂಗಸರು ಒಂದೇ ಸಾಲಿನಲ್ಲಿ ಕೂರುವ ಜಾಗ, ಅಷ್ಟೆ. ಯಾರು ಎಲ್ಲಿ ಕೂರಬೇಕು ಎನ್ನುವುದು ಅತ್ತೆಯಿಂದ ಸೊಸೆಗೆ ಬಂದದ್ದು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರುವುದಿಲ್ಲ, ನಾಲ್ಕು ಬೆರಳು ಆಚೀಚೆ ಸರಿಯುವುದೂ ಇಲ್ಲ. ಹರಿಣಾಕ್ಷಿಯದು ನಟ್ಟನಡುವಿನ ಜಾಗ, ಅವಳ ಅತ್ತೆಯದು. ಎಲ್ಲೂ ಬರೆಯದ ಇನ್ನೊಂದು ಕಟ್ಟಳೆಯೂ ಅಲ್ಲಿ ನಡೆಯುತ್ತದೆ. ಒಂದು ಮಳೆಗಾಲ ಪೂರ್ತಿ ಜಾಗ ಖಾಲಿ ಬಿಟ್ಟವಳು ಆ ಜಾಗ ಕಳೆದುಕೊಂಡಳು. ಬೇಸಿಗೆಯಲ್ಲಿ ಯಾರು ಬೇಕಾದರೂ ಕೂತಾರು, ಮಳೆಯಲ್ಲಿ ಕೂತವಳೇ ಜಾಗದ ಒಡತಿ.

ಕಾಂಕ್ರೀಟ್ ಪಕ್ಷದ ಸರ್ಕಾರದ ಕೊನೆಯ ವರ್ಷ ಈ ಮಾರ್ಕೆಟ್ಟಿಗೆ ಕಟ್ಟಡ ಮಂಜೂರಾಯಿತು. ನೆಲಕ್ಕೆ ಸಿಮೆಂಟು ಬಿತ್ತು, ಕಂಬಗಳೆದ್ದವು, ಶಾಸಕರ ಹೆಸರು ಕೆತ್ತಿದ ಕಪ್ಪುಕಲ್ಲು ಇವೆಲ್ಲಕ್ಕಿಂತ ಮೊದಲೇ ಎದ್ದಿತ್ತು. ಉಳಿದದ್ದು ಮಾಡು, ಅಂದರೆ ಮೇಲಿನ ಚಾವಣಿ, ಅದೊಂದೇ. ಅಷ್ಟರಲ್ಲಿ ಚುನಾವಣೆ ಬಂತು. ಬೆಂಗಳೂರಿನಲ್ಲಿ ಖಾತೆ ಪಕ್ಷ ಕುರ್ಚಿ ಹತ್ತಿತು, ಇಲ್ಲಿಯ ಶಾಸಕರು ಮಾತ್ರ ಕಾಂಕ್ರೀಟ್ ಪಕ್ಷದವರೇ ಆದರು. ಹೊಸ ಸರ್ಕಾರಕ್ಕೆ ಮನೆ ಮನೆಯ ಖಾತೆಗೆ ಹಾಕಲು ದುಡ್ಡು ಬೇಕಿತ್ತು, ಹಳೆಯವರ ಕಾಮಗಾರಿಗಳ ಮೇಲೆ ಸಂಶಯವೂ ಇತ್ತು. ಎರಡೂ ಸೇರಿ ‘ಪರಿಶೀಲನೆಯಲ್ಲಿದೆ’ ಎಂಬ ಬೀಗ ಬಿತ್ತು. ಗುತ್ತಿಗೆದಾರ ಒಂದು ಬೆಳಿಗ್ಗೆ ಬಂದು ಮಿಕ್ಸರನ್ನು ಟೆಂಪೋಗೆ ಹಾಕಿಕೊಂಡು ಹೋದವನು ಮತ್ತೆ ಮುಖ ತೋರಿಸಲಿಲ್ಲ. ಎರಡು ಮಳೆಗಾಲ ಕಳೆಯಿತು. ಕಂಬಗಳ ತಲೆಯ ಮೇಲಿನ ತುಕ್ಕು ಸರಳುಗಳು ಕಾಗೆಗಳಿಗೆ ಕೂರಲು ಅನುಕೂಲವಾದವು. ಕೆಳಗೆ ಹೆಂಗಸರು ಕೊಡೆ ಹಿಡಿದು ಕೂತರು.

ಹೋದ ಮಳೆಗಾಲದಲ್ಲಿ ಹರಿಣಾಕ್ಷಿಗೆ ಎದೆಗೆ ಶೀತ ಇಳಿದು ಕುಂದಾಪುರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಬೇಕಾಯಿತು. ಮನೆಗೆ ಕಳಿಸುವ ದಿನ ಡಾಕ್ಟರು, “ಇನ್ನೊಂದು ಮಳೆಗಾಲ ಹೀಗೇ ಒದ್ದೆಯಲ್ಲಿ ಕೂತಿರೋ, ಆಮೇಲೆ ನನ್ನ ಹತ್ತಿರ ಬರಬೇಡಿ” ಎಂದರು. ಗಂಡ ಸುಂದರ ಇಡೀ ಆಯುಷ್ಯ ದೋಣಿಯಲ್ಲಿ ಕಳೆದವನು, ಮಾತು ಕಡಿಮೆ. ಅಂದು ಮಾತ್ರ ಆಸ್ಪತ್ರೆಯ ಮೆಟ್ಟಿಲಲ್ಲೇ ನಿಂತು ಹೇಳಿದ.

“ಮಾಡ್ ಇಲ್ದಿರೆ ಮಾರ್ಕೆಟ್ ಇಲ್ಲ. ನನ್ ತಲಿ ಮೇಲೆ ಕೈ ಇಟ್ಟ್ ಹೇಳ್.”

ಇಟ್ಟು ಹೇಳಿದಳು. ಈಗ ವಿಷಯ ಸರಳ. ಜೂನ್ ಒಳಗೆ ಮಾಡು ಬಂದರೆ ಅವಳು ಮಾರ್ಕೆಟ್ಟಿನಲ್ಲಿ. ಬಾರದಿದ್ದರೆ ಅತ್ತೆಯ ಜಾಗ ಹೋಯಿತು, ಅವಳು ಮನೆಯಲ್ಲಿ ಕೂತು ಸುಂದರನ ಮುಖ ನೋಡುತ್ತಿರಬೇಕು. ಸುಂದರ ಒಳ್ಳೆಯವನೇ. ಆದರೆ ಬೆಳಗಿನಿಂದ ಸಂಜೆಯವರೆಗೆ ನೋಡುವಂಥ ಮುಖವಲ್ಲ.

ಮಾರ್ಚಿನಲ್ಲಿ ಅವಳು ಮೊದಲು ಹೋದದ್ದು ಯಡ್ತರೆಗೆ, ಶೈಲೇಶನ ಅಂಗಡಿಗೆ. ಶೈಲೇಶ ಕಾಂಕ್ರೀಟ್ ಪಕ್ಷದ ಈ ಭಾಗದ ಮುಂದಾಳು, ಅಂಗಡಿಯೂ ಸಿಮೆಂಟು ಕಬ್ಬಿಣದ್ದೇ. ಶಾಸಕರು ಬೈಂದೂರಿಗೆ ಬಂದರೆ ಅವರ ಕಾರಿನ ಬಾಗಿಲು ತೆಗೆಯುವವನು ಇವನೇ.

“ಹ್ವಾಯ್, ಹರಿಣಾಕ್ಷಕ್ಕ, ಬನ್ನಿ, ಕೂಕಣಿ” ಎಂದ.

“ಕೂಕಂಬುಕೆ ಬಂದದ್ದಲ್ಲ. ಮಾಡ್ ಯಾವಾಗ ಹಾಕ್ಸ್ತ್ರಿ?”

ಶೈಲೇಶ ದೊಡ್ಡ ಉಸಿರು ಬಿಟ್ಟ. “ನಮ್ ಸರ್ಕಾರ ಇದ್ದಿರೆ ಯಾವಾಗ್ಳೋ ಆತಿತ್ತ್. ಈಗಿನೋರ್ ಎಂತ ಮಾಡ್ತಿದ್ರ್? ಇದ್ದ್ ದುಡ್ಡೆಲ್ಲ ಖಾತಿಗೆ ಹಾಕ್ತಿದ್ರ್. ನಿಮ್ಮ್ ಮೊಬೈಲ್ ಟಿಣ್ ಅಂಬುದ್ ಇತ್ತಲ್ದಾ, ಅದೇ ನಿಮ್ಮ್ ಮಾಡಿನ್ ದುಡ್.”

“ಹಂಗಾರೆ ನಿಮ್ಮ್ ಕಾಲ್ದಗೆ ಮಾಡೇ ಮೊದ್ಲ್ ಹಾಕ್ಲಕ್ಕಿತ್ತ್” ಎಂದಳು ಹರಿಣಾಕ್ಷಿ. “ಕಂಬ ಇವ್ರ್ ಕೊಡ್ತಿದ್ರೇನೋ.”

ಇವಳು ತಮಾಷೆ ಮಾಡುತ್ತಿದ್ದಾಳೋ ನಿಜವಾಗಿ ಹೇಳುತ್ತಿದ್ದಾಳೋ ಶೈಲೇಶನಿಗೆ ತಿಳಿಯಲಿಲ್ಲ. ಶಾಸಕರ ನಿಧಿಯಿಂದ ಅಷ್ಟುದ್ದದ ಮಾಡು ಹಾಕಿಸುವಷ್ಟು ದುಡ್ಡಿಲ್ಲ, ವಿರೋಧ ಪಕ್ಷದಲ್ಲಿದ್ದವರಿಗೆ ಬೇರೆ ಅನುದಾನ ಬರುವುದು ಕಷ್ಟ ಎಂದು ಇನ್ನೂ ಹತ್ತು ನಿಮಿಷ ವಿವರಿಸಿದ. ಸುಳ್ಳೇನೂ ಹೇಳಲಿಲ್ಲ. ನಿಜ ಹೇಳಿದರೂ ಮಾಡು ಬರುವುದಿಲ್ಲವಲ್ಲ, ಅದೇ ತಾಪತ್ರಯ.

ಅಲ್ಲಿಂದ ನೇರ ಉಪ್ಪುಂದಕ್ಕೆ, ಅಶೋಕನ ಹತ್ತಿರ. ಅಶೋಕ ಖಾತೆ ಪಕ್ಷದವನು. ಪೇಟೆಯಲ್ಲಿ ಅವನದೊಂದು ಸೈಬರ್ ಸೆಂಟರ್. ಯೋಜನೆಗಳ ಅರ್ಜಿ ತುಂಬಿಸುವುದು, ಆಧಾರ್ ಜೋಡಿಸುವುದು, ದುಡ್ಡು ಬಾರದವರ ಬೈಗುಳ ಕೇಳುವುದು ಎಲ್ಲ ಅಲ್ಲೇ. ಅವನ ತಾಯಿ ಹರಿಣಾಕ್ಷಿಯ ಜೊತೆ ಶಾಲೆಗೆ ಹೋದವಳು, ಹಾಗಾಗಿ ಇಲ್ಲಿ ಮರ್ಯಾದೆಯ ಮಾತು ಒಂದೇ ಕಡೆಯಿಂದ.

“ಅಕ್ಕ, ಆ ಕಲ್ಲಿನ್ ಮೇಲೆ ಯಾರ್ ಹೆಸ್ರ್ ಇತ್ತ್ ಕಾಣಿ” ಎಂದ ಅಶೋಕ. “ಅವ್ರದ್. ನಾಳೆ ನಾವ್ ಮಾಡ್ ಹಾಕಿರೂ ಅದ್ ಅವ್ರ್ ಮಾಡಿದ್ದ್ ಅಂಬ್ರ್. ಜನ ತಲಿ ಎತ್ತಿ ಮಾಡ್ ಕಾಂತಿಲ್ಲ ಅಕ್ಕ, ಕಲ್ಲ್ ಕಾಂತ್ರ್. ಅಲ್ದೆ, ನಿಮ್ಗೆ ತಿಂಗ್ಳ್ ತಿಂಗ್ಳ್ ದುಡ್ ಬತ್ತಿಲ್ಯಾ?”

“ಬತ್ತ್. ನೆನಪಾದಾಗ ಬತ್ತ್. ಇಲ್ಲ ಅಂತ ನಾ ಹೇಳ್ತಿಲ್ಲೆ, ಆಸ್ಪತ್ರಿ ಮದ್ದಿಗೆ ಅದೇ ಆದ್ದ್. ಆದ್ರೆ ಅಶೋಕ, ಮೊಬೈಲ್ ತಲಿ ಮೇಲೆ ಹಿಡ್ಕಂಡ್ರೆ ಮಳಿ ನಿಲ್ತಾ?”

“ಬಸ್ಸೂ ಫ್ರೀ ಇತ್ತಲೆ ಅಕ್ಕ.”

ಬಸ್ಸಿನ ಮಾತು ಅವನು ಎತ್ತಬಾರದಿತ್ತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಸರಿ. ಮೀನಿನ ಬುಟ್ಟಿಯನ್ನು ಹತ್ತಿಸಬೇಕಲ್ಲ, ಕಂಡಕ್ಟರು ಮೂಗು ಮುಚ್ಚಿಕೊಂಡು ಸೀಟಿ ಊದುತ್ತಾನೆ. ಬುಟ್ಟಿಯಿದ್ದ ದಿನ ದುಡ್ಡು ಕೊಟ್ಟು ಪ್ರೈವೇಟ್ ಬಸ್ಸು, ಬುಟ್ಟಿಯಿಲ್ಲದ ದಿನ, ಅಂದರೆ ಮೀನೇ ಇಲ್ಲದ ದಿನ, ಪುಕ್ಕಟೆ ಬಸ್ಸು. ಹೋದ ವರ್ಷ ಕಡಲಲ್ಲಿ ಮೀನು ಬೀಳದ ಹದಿನೈದು ದಿನಗಳಲ್ಲಿ ಹದಿನೇಳು ಹೆಂಗಸರೂ ನಾಲ್ಕು ಸಲ ಕೊಲ್ಲೂರಿಗೆ ಹೋಗಿ ಬಂದಿದ್ದರು. ಇವರ ಮುಖ ನೋಡಿ ದೇವಿಗೂ ಸಾಕಾಗಿರಬೇಕು. ಇದನ್ನೆಲ್ಲ ಹರಿಣಾಕ್ಷಿ ಅಶೋಕನಿಗೆ ಉಪ್ಪು ಖಾರ ಹಚ್ಚಿ ಹೇಳಿದಳು, ಸಾಲಿನಲ್ಲಿ ನಿಂತ ಅರ್ಜಿದಾರರೆಲ್ಲ ನಕ್ಕರು, ಅಶೋಕ ಪ್ರಿಂಟರಿಗೆ ಕಾಗದ ತುಂಬಿಸುವ ನೆವದಲ್ಲಿ ತಲೆ ತಗ್ಗಿಸಿದ.

ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಒಂದು ವಿಷಯ ಹೊಳೆಯಿತು. ಶೈಲೇಶ ಇಡೀ ಮಾಡು ಹಾಕಿಸಲಾರ, ದುಡ್ಡಿಲ್ಲ. ಅಶೋಕ ಇಡೀ ಮಾಡು ಹಾಕಿಸಲಾರ, ಮನಸ್ಸಿಲ್ಲ. ಆದರೆ ಪಂಚಾಯತ್ ಚುನಾವಣೆ ಹತ್ತಿರ ಬರುತ್ತಿದೆ ಎಂದು ಊರಿನಲ್ಲಿ ಮಾತಿತ್ತು. ಮಾರ್ಕೆಟ್ಟಿನ ಹದಿನೇಳು ಮನೆಯವರ ಕಣ್ಣಿಗೆ ಬೇಡವಾಗುವುದು ಇಬ್ಬರಿಗೂ ಬೇಕಿಲ್ಲ. ಒಂದು ಮಾಡಿಗೆ ಇಬ್ಬರ ಹೆಸರು ಹಿಡಿಸದಿದ್ದರೆ ಎರಡು ಮಾಡು ಮಾಡಿದರಾಯಿತು. ಅರ್ಧ ಅವನು, ಅರ್ಧ ಇವನು. ಇಷ್ಟು ಸುಲಭದ್ದು ವಿಧಾನಸೌಧದಲ್ಲಿ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಬಗ್ಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಮುಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರನ್ನೂ ಮಾರ್ಕೆಟ್ಟಿಗೆ ಕರೆದಳು. ಇನ್ನೊಬ್ಬ ಬರುತ್ತಾನೆಂದು ಇಬ್ಬರಿಗೂ ಹೇಳಲಿಲ್ಲ. ಬಂದವರು ಒಬ್ಬರನ್ನೊಬ್ಬರು ನೋಡಿ ಕಂಬಗಳ ಆ ಕಡೆ ಈ ಕಡೆ ನಿಂತರು. ಹೆಂಗಸರು ಮೀನಿನ ಮೇಲಿನ ನೊಣ ಓಡಿಸುವುದನ್ನೂ ಮರೆತು ಕಿವಿ ಕೊಟ್ಟರು.

“ತೆಂಕ್ ಬದಿ ಮಾಡ್ ಶಾಸಕರ ನಿಧಿಯಿಂದ ಶೈಲೇಶಣ್ಣ ಹಾಕ್ಸ್ಲಿ” ಎಂದಳು ಹರಿಣಾಕ್ಷಿ. “ಬಡ್ಗ್ ಬದಿದ್ ಮಂತ್ರಿಗಳ್ ಹತ್ರ ಹೇಳಿ ಅಶೋಕ ಹಾಕ್ಸ್ಲಿ. ಅವ್ರವ್ರ್ ಮಾಡಿಗೆ ಅವ್ರವ್ರ್ ಕಲ್ಲ್. ಯಾರೂ ಯಾರ್ ಹೆಸ್ರೂ ಮುಟ್ಟುದ್ ಬ್ಯಾಡ.”

ಇಬ್ಬರೂ ಕಂಬಗಳನ್ನು ಈ ತುದಿಯಿಂದ ಆ ತುದಿಯವರೆಗೆ ಕಣ್ಣಲ್ಲೇ ಅಳೆದರು. ಆಮೇಲೆ ಇಬ್ಬರೂ ಒಟ್ಟಿಗೇ ಕೇಳಿದ್ದು ಒಂದೇ ಪ್ರಶ್ನೆ. ಯಾವ ಬದಿ ದೊಡ್ಡದು?

“ಎರಡೂ ಸಮ” ಎಂದಳು. ತನ್ನ ಜಾಗದಲ್ಲಿ ಎದ್ದು ನಿಂತು, ಬೆರಳು ಚಾಚಿ ತೆಂಕು ಬದಿಯವರನ್ನು ಎಣಿಸಿದಳು. ಗೋಡೆಯ ಪಕ್ಕದ ಮುತ್ತಕ್ಕನಿಂದ ಹಿಡಿದು ಎಂಟು ಜನ. ತಿರುಗಿ ನಿಂತು ಬಡಗು ಬದಿಯವರನ್ನು ಎಣಿಸಿದಳು. ತನ್ನ ಬಗಲಿನ ಬೇಬಿಯಿಂದ ಹಿಡಿದು ಎಂಟು ಜನ. “ಆ ಬದಿ ಎಂಟ್, ಈ ಬದಿ ಎಂಟ್. ಯಾರಿಗೂ ಒಂದ್ ಹೆಚ್ಚಿಲ್ಲ, ಒಂದ್ ಕಮ್ಮಿ ಇಲ್ಲ.”

ಇಬ್ಬರೂ ಬರೆದುಕೊಂಡರು. ಹೆಂಗಸರೆಲ್ಲ ಸರಿ ಎಂದು ತಲೆಯಾಡಿಸಿದರು. ಅಷ್ಟು ಜನರಲ್ಲಿ ಒಬ್ಬರಿಗೂ ಏನೂ ಅನ್ನಿಸಲಿಲ್ಲ.

ಆಮೇಲೆ ನಡೆದದ್ದನ್ನು ನೋಡಿದರೆ ಸರ್ಕಾರಿ ಕೆಲಸ ನಿಧಾನ ಎನ್ನುವವರು ನಾಚಬೇಕು. ಇನ್ನೊಬ್ಬ ಮೊದಲು ಮುಗಿಸಿಬಿಟ್ಟರೆ ಎಂಬ ಹೆದರಿಕೆ ಇಬ್ಬರಿಗೂ ಹಿಡಿದಿತ್ತು. ಎರಡು ಕಡೆಯಿಂದ ಇಬ್ಬರು ಇಂಜಿನಿಯರರು ಬೇರೆ ಬೇರೆ ದಿನ ಬಂದರು. ಒಬ್ಬರು ತೆಂಕಿನ ಗೋಡೆಯಿಂದ ಟೇಪು ಹಿಡಿದರು, ಇನ್ನೊಬ್ಬರು ಬಡಗಿನ ಗೋಡೆಯಿಂದ. ಎಂಟು ಜನ, ತಲಾ ನಾಲ್ಕು ಅಡಿ, ಒಟ್ಟು ಮೂವತ್ತೆರಡು ಅಡಿ. ಎರಡೂ ಕಡತದಲ್ಲಿ ಒಂದೇ ಅಂಕಿ, ಎರಡೂ ಸರಿಯಾಗಿಯೇ ಇತ್ತು. ಎರಡು ವರ್ಷ ಕದಲದ ಕೆಲಸ ಏಪ್ರಿಲ್ ಕೊನೆಗೆ ಮಂಜೂರಾಗಿ ಮೇ ತಿಂಗಳಲ್ಲಿ ಶುರುವಾಯಿತು. ಶೈಲೇಶ ತನ್ನ ಬದಿಗೆ ಇಟ್ಟಿಗೆ ಬಣ್ಣದ ಶೀಟು ತರಿಸಿದರೆ ಅಶೋಕ ಕಡುನೀಲಿ ತರಿಸಿದ. ಇತ್ತ ಎರಡು ಲೈಟು ಬಂದರೆ ಅತ್ತ ಎರಡು ಫ್ಯಾನು ಬಂದವು. ಕರೆಂಟಿನ ಸಂಪರ್ಕ ಯಾರ ಅಂದಾಜುಪಟ್ಟಿಯಲ್ಲೂ ಇರಲಿಲ್ಲ, ಅದು ಬೇರೆ ವಿಷಯ. ಕೆಲಸ ನಡೆಯುವಷ್ಟು ದಿನ ಹೆಂಗಸರು ರಸ್ತೆಯ ಬದಿಯಲ್ಲಿ ಕೂತು ಮಾರಿದರು.

ಮೇ ಕೊನೆಯ ವಾರ ಉದ್ಘಾಟನೆ. ಒಂದೇ ದಿನ ಎರಡು. ಹತ್ತು ಗಂಟೆಗೆ ತೆಂಕು ಮಾಡು, ಹನ್ನೆರಡಕ್ಕೆ ಬಡಗು ಮಾಡು. ನಟ್ಟನಡುವೆ ಎರಡು ದೊಡ್ಡ ಫ್ಲೆಕ್ಸು ಮಾಡಿನೆತ್ತರದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ತೂಗುತ್ತಿದ್ದವು. ಈ ಬದಿಯಿಂದ ನೋಡಿದರೆ ಇವರ ಕೈಮುಗಿದ ನಾಯಕರು, ಆ ಬದಿಯಿಂದ ನೋಡಿದರೆ ಅವರ ಕೈಮುಗಿದ ನಾಯಕರು. ಹೆಂಗಸರು ಹೊಸ ಸೀರೆ ಉಟ್ಟು ಅಲ್ಲಿಯೂ ಚಪ್ಪಾಳೆ ತಟ್ಟಿದರು, ಇಲ್ಲಿಯೂ ತಟ್ಟಿದರು, ಅಲ್ಲಿಯ ಲಾಡು ತಿಂದು ಇಲ್ಲಿಯ ಗೋಳಿಬಜೆ ತಿಂದರು. ಅಂದು ಸಂಜೆ ಹರಿಣಾಕ್ಷಿ ಗಂಡನಿಗೆ ಹೇಳಿದಳು, “ಒಂದ್ ಮಾಡ್ ಕೇಂಡಿದ್ರಿ. ಎರಡ್ ಹಾಕ್ಸಿದೆ.” ಸುಂದರ ಊಟಕ್ಕೆ ಕೂತಾಗ ಮೀನಿನ ದೊಡ್ಡ ತುಂಡನ್ನು ಅವಳ ಬಟ್ಟಲಿಗೆ ಹಾಕಿದ.

ಮೂರು ದಿನ ಕಳೆದು, ಹೆಂಗಸರು ರಸ್ತೆಯ ಬದಿಯಿಂದ ಮಾಡಿನಡಿಗೆ ಬಂದು ಕೂತ ಮೊದಲ ದಿನವೇ ಮಳೆ ಬಂತು. ಬೆಳಿಗ್ಗೆ ಎಂಟರ ಹೊತ್ತಿಗೆ ಕಡಲಿನಿಂದ ಎದ್ದ ಗಾಳಿಗೆ ಎರಡೂ ಫ್ಲೆಕ್ಸು ಹರಿದು ನಾಯಕರ ಸಮೇತ ಪಕ್ಕದ ತೋಡಿನ ನೀರಿಗೆ ಬಿದ್ದವು. ಆ ಮರೆ ಹೋದ ಮೇಲೆ ಎಲ್ಲರೂ ತಲೆಯೆತ್ತಿ ನೋಡಿದರು. ತೆಂಕಿನಿಂದ ಬಂದ ಇಟ್ಟಿಗೆ ಬಣ್ಣದ ಮಾಡು ಒಂದು ಕಡೆ ನಿಂತಿತ್ತು, ಬಡಗಿನಿಂದ ಬಂದ ನೀಲಿ ಮಾಡು ಇನ್ನೊಂದು ಕಡೆ ನಿಂತಿತ್ತು, ನಡುವೆ ನಾಲ್ಕು ಅಡಿ ಬರೀ ಆಕಾಶ. ಅದರ ನೇರ ಕೆಳಗೆ ಹರಿಣಾಕ್ಷಿ ತನ್ನ ಮಣೆಯ ಮೇಲೆ ಕೂತಿದ್ದಳು. ಸಾಲದ್ದಕ್ಕೆ ಎರಡೂ ಮಾಡಿಗೆ ನಡುವಿನ ಕಡೆಗೇ ಓರೆ ಕೊಟ್ಟಿದ್ದರು. ತಮ್ಮ ನೀರು ಆಚೆ ಪಕ್ಷದ ಕಡೆಗೆ ಹೋಗಲಿ ಎಂದು ಇಬ್ಬರು ಇಂಜಿನಿಯರರೂ ಯೋಚಿಸಿದ್ದರೋ ಏನೋ. ಹದಿನಾರು ಜನರ ತಲೆಯ ಮೇಲೆ ಬೀಳಬೇಕಾದ ಮಳೆ ಅವಳೊಬ್ಬಳ ತಲೆಯ ಮೇಲೆ ಸುರಿಯಿತು.

ಇದು ಹೇಗಾಯಿತು ಎಂದು ಹೊರಗಿನವರು ಕೇಳಬಹುದು. ಸಣ್ಣಹಿತ್ಲಿನವರು ಕೇಳುವುದಿಲ್ಲ. ದೋಣಿ ಬಂದಾಗ ಈ ಹೆಂಗಸರು ಒಟ್ಟಾಗಿ ಮೀನಿನ ರಾಶಿ ಕೊಂಡು ಆಮೇಲೆ ಪಾಲು ಮಾಡಿಕೊಳ್ಳುತ್ತಾರೆ. ಪಾಲು ಮಾಡುವವಳು ತನ್ನನ್ನು ಎಣಿಸಿಕೊಳ್ಳುವ ಹಾಗಿಲ್ಲ. ಎಲ್ಲರ ಪಾಲನ್ನು ಹಾಕಿ ಮುಗಿದ ಮೇಲೆ ಕೈಯಲ್ಲಿ ಉಳಿದದ್ದೇ ಅವಳ ಪಾಲು. ಹಾಗಿದ್ದರೆ ಯಾರೂ ಅವಳ ಮೇಲೆ ಬೆರಳು ತೋರಿಸುವುದಿಲ್ಲ. ಇಪ್ಪತ್ತು ವರ್ಷದಿಂದ ಪಾಲು ಮಾಡುತ್ತಿದ್ದವಳು ಹರಿಣಾಕ್ಷಿ. ಅವಳ ನಾಲಿಗೆಗೆ ಬೇರೆಯವರನ್ನು ಎಣಿಸಿ ಅಭ್ಯಾಸ, ಕೇಳುವವರ ಕಿವಿಗೂ ಅದೇ ಅಭ್ಯಾಸ. ಆ ಬದಿ ಎಂಟು, ಈ ಬದಿ ಎಂಟು. ಮೀನಾಗಿದ್ದರೆ ಏನಾದರೂ ಉಳಿಯುತ್ತಿತ್ತು. ಸರ್ಕಾರದ ಶೀಟು ಉಳಿಯುವುದಿಲ್ಲ.

ಶೈಲೇಶನೂ ಅಶೋಕನೂ ಕೊಡೆ ಹಿಡಿದು ಓಡಿ ಬಂದರು. ಪಾಪ, ಇಬ್ಬರ ಮುಖವೂ ಸಪ್ಪಗಾಗಿತ್ತು.

“ನೀವೇ ಎಂಟ್ ಅಂದ್ರಿ ಅಕ್ಕ” ಎಂದ ಶೈಲೇಶ. “ಬಿಲ್ ಆಯ್ತ್. ಇನ್ ಸೇರ್ಸುಕೆ ಆತಿಲ್ಲ. ನಮ್ ಸರ್ಕಾರ ಬರ್ಲಿ, ಮೊದ್ಲ್ ಇದೇ ಮಾಡುದ್.”

“ಅದ್ ನಡು ಜಾಗ ಅಲ್ದಾ” ಎಂದ ಅಶೋಕ. “ನಮ್ದೂ ಅಲ್ಲ, ಅವ್ರದ್ದೂ ಅಲ್ಲ. ಹೊಸ ಅರ್ಜಿ ಕೊಡಿ, ಮುಂದಿನ್ ಬಜೆಟ್ಟಗೆ ಕಾಂಬ.”

ಹರಿಣಾಕ್ಷಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ತನ್ನ ಮೇಲೇ ಬಂತು. ಎಷ್ಟು ಜಾಣೆ ಎಂದುಕೊಂಡಿದ್ದೆ, ಇಬ್ಬರನ್ನೂ ಕುಣಿಸಿದೆ ಎಂದುಕೊಂಡಿದ್ದೆ, ಕೊನೆಗೆ ನನ್ನ ಕಾಲಿಗೆ ನಾನೇ ಹಗ್ಗ ಕಟ್ಟಿಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಕೊಡೆ ಹಿಡಿದರೂ ಅರ್ಧ ಗಂಟೆಯಲ್ಲಿ ಸೊಂಟದವರೆಗೆ ಒದ್ದೆಯಾದಳು. ಕೆಮ್ಮು ಶುರುವಾಯಿತು. ಯಾರು ಫೋನು ಮಾಡಿದ್ದರೋ, ಸುಂದರ ರಿಕ್ಷಾ ಮಾಡಿಕೊಂಡು ಬಂದು ಎದುರು ನಿಂತ.

“ಏಳ್, ಹೋಪ” ಎಂದ. ಜೋರು ಮಾಡಲಿಲ್ಲ. ತಲೆಯ ಮೇಲೆ ಕೈಯಿಟ್ಟು ಹೇಳಿದ ಮಾತನ್ನು ನೆನಪಿಸಲೂ ಇಲ್ಲ.

ಅವಳು ಎದ್ದಳು. ಬುಟ್ಟಿಯನ್ನು ಬದಿಗಿಟ್ಟು, ಅತ್ತೆಯ ಕಾಲದ ಹಲಸಿನ ಮಣೆಯನ್ನು ಎತ್ತಿ ನೀರು ಕೊಡವಿದಳು. ಈ ಮಣೆ ಇನ್ನು ಮನೆಯಲ್ಲಿ ಎಲ್ಲಿಡುವುದು ಎಂಬ ಯೋಚನೆ ಬಂತು.

ಆಗ ತೆಂಕಿನ ಕೊನೆಯಿಂದ ಮುತ್ತಕ್ಕನ ದನಿ ಕೇಳಿತು. ಮುತ್ತಕ್ಕನಿಗೆ ಎಪ್ಪತ್ತು ದಾಟಿದೆ. ಮಾತಾಡುವುದೇ ಅಪರೂಪ, ಆಡಿದರೆ ಬೈದ ಹಾಗೆಯೇ ಕೇಳುತ್ತದೆ.

“ಪಾಲ್ ಮಾಡ್ದೋಳಿಗೇ ಮೀನ್ ಇಲ್ದಿರೆ ನಾವ್ ಎಂತ ಮಾಡುದ್?”

ಸಾಲಿನಲ್ಲಿ ಯಾರೋ ಹೇಳಿದರು, “ಎಲ್ರೂ ಒಂದೊಂದ್ ಮೀನ್ ವಾಪಸ್ ಹಾಕುದ್.”

“ಹಂಗಾರೆ ಬಾಯ್ ಕಳ್ಕಂಡ್ ಎಂತ ಕಾಂತ್ರಿ?” ಎಂದು ಮುತ್ತಕ್ಕ ತನ್ನ ಮಣೆಯನ್ನು ಗೋಡೆಗೆ ಒತ್ತಿದಳು. ಅರ್ಧ ಅಡಿ ಬಿಟ್ಟಳು. ಪಕ್ಕದವಳು ಆ ಅರ್ಧ ಅಡಿಗೆ ಸರಿದು, ತನ್ನದೊಂದು ಅರ್ಧ ಅಡಿ ಬಿಟ್ಟಳು. ಅವಳ ಪಕ್ಕದವಳೂ ಹಾಗೆಯೇ. ಅತ್ತೆಯ ಕಾಲದಿಂದ ನಾಲ್ಕು ಬೆರಳು ಸರಿಯದಿದ್ದ ಹೆಂಗಸರು, ಬುಟ್ಟಿ, ಕತ್ತಿ, ತಕ್ಕಡಿ, ಐಸಿನ ಪೆಟ್ಟಿಗೆ ಎಲ್ಲವನ್ನೂ ದರದರ ಎಳೆದುಕೊಂಡು ಒಬ್ಬರಾದ ಮೇಲೆ ಒಬ್ಬರು ಸರಿದರು. ಎಂಟು ಜನ ಸರಿದಾಗ ಇಟ್ಟಿಗೆ ಬಣ್ಣದ ಮಾಡಿನ ಅಂಚಿನಡಿ ಒಬ್ಬಳು ಕೂರುವಷ್ಟು ಒಣ ನೆಲ ಕಂಡಿತು.

ಬೇಬಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. “ಇಪ್ಪತ್ತ್ ವರ್ಷದಿಂದ ನನ್ ಬಗಲಗೆ ಕೂತೋಳ್, ತೆಂಕಿಗೆ ಎಂತಕೆ ಹೋಪುದ್?” ಎಂದು ಬಡಗು ಬದಿಯವರನ್ನು ಎಬ್ಬಿಸಿದಳು. ಅಲ್ಲಿಯೂ ಸರಿದಾಟ ಶುರುವಾಯಿತು. ಯಾರ ತಕ್ಕಡಿ ಯಾರದೋ ಕಾಲ ಮೇಲೆ ಬಿತ್ತು, ಯಾರ ಬಂಗುಡೆ ಯಾರದೋ ಬುಟ್ಟಿಗೆ ಸೇರಿತು, ಬೈಗುಳವೂ ನಗುವೂ ಕೂಡಿ ಮಳೆಯ ಸದ್ದೇ ಅಡಗಿತು. ಐದು ನಿಮಿಷದಲ್ಲಿ ನೀಲಿ ಮಾಡಿನ ಅಡಿಯಲ್ಲೂ ಒಂದು ಜಾಗ ಖಾಲಿಯಾಯಿತು.

ಹರಿಣಾಕ್ಷಿ ಮಣೆಯನ್ನು ಎದೆಗವಚಿ ನಡುವೆ ನಿಂತಿದ್ದಳು. ಅವಳಿಗೆ ಅಳು ಬಂತು. ತಡೆಯಲಿಕ್ಕೂ ಹೋಗಲಿಲ್ಲ, ಎಲ್ಲರೆದುರಿಗೇ ಅತ್ತಳು. ಬೇಬಿ ಅವಳ ಕೈಯಿಂದ ಮಣೆ ಕಸಿದು ತನ್ನ ಪಕ್ಕದಲ್ಲಿ ಹಾಕಿದಳು. “ಇವತ್ತ್ ಇಲ್ಲಿ ಕೂಕೊ. ಸೋಮಾರ ಆ ಬದಿಗೆ ಹೋಯ್ಲಕ್.” ಸುಂದರ ಎರಡೂ ಮಾಡನ್ನು ಒಮ್ಮೆ ನೋಡಿ, ಹೆಂಡತಿಯ ತಲೆಯ ಮೇಲೆ ನೀರು ಬೀಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಂದ ರಿಕ್ಷಾದಲ್ಲೇ ಒಬ್ಬನೇ ಹಿಂದೆ ಹೋದ. ಹೋಗುವಾಗ ಬಾಡಿಗೆ ದಂಡವಾಯಿತು ಎಂದು ರಿಕ್ಷಾದವನ ಹತ್ತಿರ ಗೊಣಗಿದನಂತೆ. ಆದರೆ ದಾರಿಯುದ್ದಕ್ಕೂ ನಗುತ್ತಿದ್ದ ಎಂದೂ ಅದೇ ರಿಕ್ಷಾದವನು ಹೇಳಿದ.

ಅಲ್ಲಿಂದ ಮುಂದೆ ಒಂದು ವಾರ ತೆಂಕು, ಒಂದು ವಾರ ಬಡಗು. ಎರಡೂ ಬದಿಯವರು ಜಾಗ ಬಿಟ್ಟುಕೊಟ್ಟ ಮೇಲೆ ಒಂದೇ ಬದಿಯಲ್ಲಿ ಕೂರುವುದು ಸರಿಯಲ್ಲವಲ್ಲ. ಕೆಮ್ಮು ಜೂನ್ ಮುಗಿಯುವುದರೊಳಗೆ ಬಿಟ್ಟಿತು. ಮೀನು ಕಡಿಮೆ, ರೇಟು ಜಾಸ್ತಿ, ಮಳೆಗಾಲದ ವ್ಯಾಪಾರ ಎಂದಿನಂತೆ ನಡೆಯಿತು. ಇದರ ನಡುವೆ ಒಂದು ದಿನ ಅಶೋಕ ಬಂದ. ತನ್ನ ಮಾಡಿನಡಿ ಒಂಬತ್ತು ಜನ ಕೂತದ್ದನ್ನು ಕಂಡು ಖುಷಿಯಾಗಿ ಫೋಟೋ ತೆಗೆದು, ಒಂಬತ್ತೂ ಹೆಸರು ಬರೆದುಕೊಂಡು ಹೋದ. ಮರುವಾರ ಶೈಲೇಶ ಬಂದ. ಅವನ ಮಾಡಿನಡಿಯೂ ಒಂಬತ್ತು ಜನ. ಅವನೂ ಫೋಟೋ ತೆಗೆದ, ಅವನೂ ಬರೆದುಕೊಂಡ. ಎರಡೂ ಪಟ್ಟಿ ಜಿಲ್ಲೆಯ ಒಂದು ಕಚೇರಿಗೆ ಹೋಗಿ, ಒಂದೇ ಮೇಜಿನ ಮೇಲೆ ಬಂದು ಬಿದ್ದವು.

ಆಗಸ್ಟಿನಲ್ಲಿ ಆ ಮೇಜಿನ ಗುಮಾಸ್ತ ಹರಿಣಾಕ್ಷಿಗೆ ಫೋನು ಮಾಡಿದ. ಅವಳು ಆಗಷ್ಟೇ ಐಸು ಒಡೆದು ಮೀನಿನ ಮೇಲೆ ಹಾಕುತ್ತಿದ್ದಳು.

“ಮಾರ್ಕೆಟ್ಟಿನಲ್ಲಿ ಇರುವವರು ಹದಿನೇಳು ಜನ” ಎಂದ ಗುಮಾಸ್ತ. “ಫಲಾನುಭವಿಗಳು ಹದಿನೆಂಟು ಆಗಿದ್ದಾರೆ. ನಿಮ್ಮ ಹೆಸರು ಎರಡೂ ಕಡೆ ಇದೆಯಮ್ಮ. ಒಂದು ಕಡೆಯಿಂದ ತೆಗೆಯಬೇಕು. ನೀವು ಯಾರ ಮಾಡಿನಡಿ ಕೂರುವುದು?”

ಹರಿಣಾಕ್ಷಿ ಅತ್ತಿತ್ತ ನೋಡಿದಳು. ಒಂದು ಬದಿಯಲ್ಲಿ ಮುತ್ತಕ್ಕ ಗೋಡೆಗೆ ಮೈ ಒತ್ತಿಕೊಂಡು ಚಟ್ಲಿ ಸುಲಿಯುತ್ತಿದ್ದಳು. ಇನ್ನೊಂದು ಬದಿಯಲ್ಲಿ ಬೇಬಿ ಕಾಲು ಚಾಚಲು ಜಾಗ ಸಾಲದೆ ಮಡಚಿಕೊಂಡು ಕೂತಿದ್ದಳು.

“ಎರಡೂ ಬದಿಯಿಂದ ತೆಗಿನಿ” ಎಂದಳು.

“ಹಾಗೆ ಮಾಡಿದರೆ ನೀವು ಯಾವ ಯೋಜನೆಗೂ ಸೇರುವುದಿಲ್ಲ.”

“ಸೇರ್ದಿರೆ ಬ್ಯಾಡ. ನಾ ಕೂತದ್ದ್ ಅವ್ರ್ ಹಾಕ್ಸಿದ್ದ್ ಮಾಡಿನಡಿ ಅಲ್ಲ. ಹದಿನಾರ್ ಹೆಂಗ್ಸ್ರ್ ಅರ್ಧರ್ಧ ಅಡಿ ಬಿಟ್ಟ್ ಕೊಟ್ಟಿದ್ರಲೆ, ಅಲ್ಲಿ ಕೂತದ್ದ್. ಹಂಗೇ ಬರ್ಕಣಿ.”

“ಅದಕ್ಕೆ ಇಲ್ಲಿ ಕಾಲಂ ಇಲ್ಲವಮ್ಮ” ಎಂದ ಗುಮಾಸ್ತ, ನಿಜವಾಗಿಯೂ ಬೇಸರದಿಂದ.

“ಹಂಗಾರೆ ಬರೆಯುದ್ ಬ್ಯಾಡ” ಎಂದು ಹರಿಣಾಕ್ಷಿ ಫೋನಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, ಬೇಬಿಯ ಕಡೆಯಿಂದ ಬಂದು ಬಂಗುಡೆಯ ರೇಟು ಕೇಳುತ್ತಿದ್ದ ಗಿರಾಕಿಗೆ ಉತ್ತರ ಕೊಟ್ಟಳು.